ನಂಬರು ನನ್ನ ಜತೆ ಬಂತು, ಫೈಲುಗಳು ಬರಲಿಲ್ಲ

ಫೆಬ್ರುವರಿಯ ಮೊದಲ ವಾರ ನಾನು ಮೊಬೈಲ್ ಕಂಪನಿ ಬದಲಿಸಿದೆ. ಮೋಕದ ನಮ್ಮ ಮನೆಯೊಳಗೆ ಹಳೆಯ ಕಂಪನಿಯ ಸಿಗ್ನಲ್ ಒಂದು ಕಡ್ಡಿಗೆ ಇಳಿದಿತ್ತು. ಮಾಳಿಗೆ ಹತ್ತಿದರೆ ಎರಡು ಕಡ್ಡಿ. ಆನ್‌ಲೈನ್ ಟೆಸ್ಟ್ ಬರೆಯಲು ಎಷ್ಟು ದಿನ ಅಂತ ಮಾಳಿಗೆ ಹತ್ತುವುದು? 1900ಕ್ಕೆ ಎಸ್‌ಎಂಎಸ್ ಕಳಿಸಿದೆ, ಎಂಟು ಅಕ್ಷರ-ಅಂಕಿಗಳ ಕೋಡ್ ಬಂತು, ಬಸ್ ನಿಲ್ದಾಣದ ಹತ್ತಿರದ ಅಂಗಡಿಯ ಅಣ್ಣ ಹೊಸ ಸಿಮ್ ಕೊಟ್ಟರು. ಮೂರನೇ ದಿನ ಅದೇ ಹತ್ತಂಕಿಯ ನಂಬರು ಹೊಸ ಕಂಪನಿಯಲ್ಲಿ ರಿಂಗಾಯಿತು. ಬ್ಯಾಂಕ್, ಆಧಾರ್, ಕಾಲೇಜು ಗ್ರೂಪ್, ಯಾರಿಗೂ ಏನೂ ಹೇಳಬೇಕಾಗಲಿಲ್ಲ.

ಆದರೆ ಹಳೆಯ ಕಂಪನಿಯ ಪ್ಲಾನ್ ಜತೆ ಒಂದು ಉಚಿತ ಕ್ಲೌಡ್ ಸ್ಟೋರೇಜ್ ಬಂದಿತ್ತು. ಯಾವ ಕಂಪನಿ ಅಂತ ಹೇಳುವುದಿಲ್ಲ, ಅರ್ಧ ತಪ್ಪು ನನ್ನದೂ ಇದೆ. ವರ್ಷದಿಂದ ಅದರಲ್ಲಿ 180 ಜಿಬಿ ತುಂಬಿಸಿದ್ದೆ. ಅಕ್ಕನ ಮದುವೆಯ ವಿಡಿಯೊ, ಅಜ್ಜಿಯ ಕೊನೆಯ ಯುಗಾದಿ, ನಾಲ್ಕು ಸೆಮಿಸ್ಟರ್‌ನ ನೋಟ್ಸ್. ಎಲ್ಲಕ್ಕಿಂತ ಹೆಚ್ಚು ಜಾಗ ತಿಂದದ್ದು ನಮ್ಮ ಮಿನಿ ಪ್ರಾಜೆಕ್ಟ್: ಮೆಣಸಿನಕಾಯಿ ಎಲೆಯ ಚಿತ್ರಗಳು ಮತ್ತು ವಿಡಿಯೊಗಳು. ಎಲೆ ಮುಟುರು ರೋಗವನ್ನೂ ನುಸಿ ಬಾಧೆಯನ್ನೂ ಫೋಟೊ ನೋಡಿಯೇ ಬೇರೆ ಮಾಡಿ ಹೇಳುವ ಪ್ರೋಗ್ರಾಂ ಬರೆಯಬೇಕೆಂದು ನಾವು ನಾಲ್ವರು ಸೆಪ್ಟೆಂಬರ್‌ನಿಂದ ಡಿಸೆಂಬರ್‌ವರೆಗೆ ಪ್ರತಿ ಭಾನುವಾರ ಹೊಲ ಸುತ್ತಿದ್ದೆವು. ಮೋಕದಲ್ಲಿ ನಮ್ಮ ಹೊಲ, ಕುರುಗೋಡು ಕಡೆ ಒಬ್ಬ ಗೆಳತಿಯ ಮಾವನ ಹೊಲ, ಸಿರುಗುಪ್ಪ ರಸ್ತೆಯಲ್ಲಿ ಪರಿಚಯವೇ ಇಲ್ಲದ ರೈತರ ಹೊಲಗಳು.

ಪೋರ್ಟ್ ಆದ ವಾರದಲ್ಲೇ ಮೆಸೇಜ್ ಬಂತು. ನಿಮ್ಮ ಪ್ಲಾನ್ ಮುಗಿದಿದೆ, ಮಿತಿ ಮೀರಿದ ಫೈಲುಗಳನ್ನು 30 ದಿನದೊಳಗೆ ಇಳಿಸಿಕೊಳ್ಳಿ, ಇಲ್ಲವೇ ಹಣ ಕಟ್ಟಿ ಮುಂದುವರಿಯಿರಿ.

ಲೆಕ್ಕ ಹಾಕಿದೆ. ನನ್ನ ಹೊಸ ಪ್ಲಾನ್‌ನಲ್ಲಿ ದಿನಕ್ಕೆ ಒಂದೂವರೆ ಜಿಬಿ. ಬೇರೇನೂ ನೋಡದೆ ಪೂರ್ತಿ ಡೇಟಾವನ್ನು ಇದಕ್ಕೇ ಸುರಿದರೂ 180 ಜಿಬಿಗೆ 120 ದಿನ ಬೇಕು. ನನಗಿದ್ದದ್ದು ಮೂವತ್ತು ದಿನ. ಅಂದರೆ 45 ಜಿಬಿ. ಅಜ್ಜಿಯೋ, ಎಲೆಯೋ?

ಕೊನೆಗೆ ಬಳ್ಳಾರಿಯಲ್ಲಿ ಗೆಳತಿಯ ಮನೆಗೆ ಹೋದೆ. ಅವರ ಮನೆಗೆ 100 ಎಂಬಿಪಿಎಸ್ ಫೈಬರ್ ಇದೆ. ಕಾಗದದ ಲೆಕ್ಕದಲ್ಲಿ ಆ ವೇಗಕ್ಕೆ 180 ಜಿಬಿ ಇಳಿಯಲು ಬೇಕಾದದ್ದು ನಾಲ್ಕು ಗಂಟೆ. ನಮಗೆ ಎರಡು ರಾತ್ರಿ ಹಿಡಿಯಿತು. ಜಿಪ್ ಮಾಡಿ ಕೊಟ್ಟ ಲಿಂಕ್‌ಗಳಿಗೂ ಒಂದು ಅವಧಿ ಇರುತ್ತದೆ ಎಂದು ಗೊತ್ತಾಗಿದ್ದು ಎರಡು ಕಂತು ಅರ್ಧಕ್ಕೆ ನಿಂತ ಮೇಲೆ. ಆ ಎರಡು ಕಂತಿನಲ್ಲಿ ಇದ್ದದ್ದು ನವೆಂಬರ್ ತಿಂಗಳ ಹೊಲ. ಮತ್ತೆ ಕೇಳುವ ಹೊತ್ತಿಗೆ ಗಡುವು ಮುಗಿದಿತ್ತು. ಹೊಲಕ್ಕೆ ಹೋಗಿ ಮತ್ತೆ ಫೋಟೊ ತೆಗೆಯೋಣವೆಂದರೆ ಕಾಯಿ ಬಿಡಿಸಿ ಒಣಗಿಸಿ ಬ್ಯಾಡಗಿ ಮಾರುಕಟ್ಟೆಗೆ ಹೋಗಿಯಾಗಿತ್ತು.

ಅಪ್ಪ ಕೇಳಿದ್ದು ಒಂದೇ ಮಾತು. ‘ನಂಬರ್ ಅದೇ ಐತಲ್ಲಮ್ಮ, ಮತ್ತೆ ಫೋಟೊ ಎಲ್ಲಿ ಹೋದ್ವು?’

ಇಸಿ ಓದುತ್ತಿರುವ ನನಗೆ ಆ ಕ್ಷಣ ಸರಿಯಾದ ಉತ್ತರ ಹೊಳೆಯಲಿಲ್ಲ. ಅದನ್ನು ಹುಡುಕುತ್ತಾ ಹೋದದ್ದೇ ಈ ಬರಹ.

ನಮ್ಮ ದೇಶದಲ್ಲಿ ಮೊಬೈಲ್ ಕಂಪನಿಗಳೂ ಕ್ಲೌಡ್ ಕಂಪನಿಗಳೂ ಕೈ ಜೋಡಿಸುತ್ತಿರುವುದು ಹೊಸ ಸುದ್ದಿಯಲ್ಲ. 2004ರಲ್ಲೇ ಏರ್‌ಟೆಲ್ ತನ್ನ ಕಂಪ್ಯೂಟರ್ ವ್ಯವಸ್ಥೆಯನ್ನು ಹತ್ತು ವರ್ಷದ ಒಪ್ಪಂದದಲ್ಲಿ ಐಬಿಎಂಗೆ ವಹಿಸಿತ್ತು. ಆಗ ಅದು ಹಿತ್ತಲ ಕೆಲಸ, ಗ್ರಾಹಕರಿಗೆ ಕಾಣುತ್ತಿರಲಿಲ್ಲ. 2019ರ ಆಗಸ್ಟ್‌ನಲ್ಲಿ ಜಿಯೊ ಮತ್ತು ಮೈಕ್ರೊಸಾಫ್ಟ್ ಹತ್ತು ವರ್ಷದ ಪಾಲುದಾರಿಕೆ ಘೋಷಿಸಿದವು. ಕಟ್ಟಡ ಜಿಯೊದು, ಒಳಗೆ ಓಡುವುದು ಮೈಕ್ರೊಸಾಫ್ಟ್‌ನ ಅಜೂರ್. ಮೊದಲ ಎರಡು ಡೇಟಾ ಸೆಂಟರ್ ಗುಜರಾತ್ ಮತ್ತು ಮಹಾರಾಷ್ಟ್ರಕ್ಕೆ ಎಂಬ ಮಾತು. ಮರುವರ್ಷ ಜುಲೈನಲ್ಲಿ ಗೂಗಲ್ 33,737 ಕೋಟಿ ರೂಪಾಯಿ ಹಾಕಿ ಜಿಯೊ ಪ್ಲಾಟ್‌ಫಾರ್ಮ್ಸ್‌ನಲ್ಲಿ ಶೇ 7.73ರಷ್ಟು ಪಾಲು ಪಡೆಯಲು ಒಪ್ಪಿತು. ಅದೇ 2020ರ ಆಗಸ್ಟ್‌ನಲ್ಲಿ ಏರ್‌ಟೆಲ್ ಅಮೆಜಾನ್‌ನ ಎಡಬ್ಲ್ಯುಎಸ್ ಜತೆ ಕೈ ಕುಲುಕಿತು. 2022ರ ಜನವರಿಯಲ್ಲಿ ಗೂಗಲ್ ಏರ್‌ಟೆಲ್‌ಗೂ 100 ಕೋಟಿ ಡಾಲರ್‌ವರೆಗೆ ಹೂಡುವುದಾಗಿ ಹೇಳಿತು. ಮಾರುಕಟ್ಟೆಯಲ್ಲಿ ಪರಸ್ಪರ ಜಗಳವಾಡುವ ಎರಡು ಕಂಪನಿಗಳ ಹಿಂದೆ ಒಂದೇ ಹೆಸರು. 2025ರ ಅಕ್ಟೋಬರ್‌ನಲ್ಲಿ ಗೂಗಲ್ ಪಕ್ಕದ ಆಂಧ್ರದ ವಿಶಾಖಪಟ್ಟಣದಲ್ಲಿ ಐದು ವರ್ಷದಲ್ಲಿ 1,500 ಕೋಟಿ ಡಾಲರ್ ಹೂಡುವುದಾಗಿ ಪ್ರಕಟಿಸಿದಾಗಲೂ ಜತೆಗಾರರ ಪಟ್ಟಿಯಲ್ಲಿ ಏರ್‌ಟೆಲ್ ಇತ್ತು, ಇನ್ನೊಂದು ಅದಾನಿಕನೆಕ್ಸ್.

ಇಷ್ಟು ದೊಡ್ಡ ಅಂಕಿಗಳು ನಮ್ಮ ತಲೆಯ ಮೇಲೆ ಹಾರಿಹೋಗುತ್ತವೆ. ನಮ್ಮ ಕೈಗೆ ತಾಕಿದ್ದು ಬೇರೆ ರೂಪದಲ್ಲಿ. 2025ರ ಜುಲೈನಲ್ಲಿ ಏರ್‌ಟೆಲ್ ಗ್ರಾಹಕರಿಗೆ ವರ್ಷಕ್ಕೆ 17,000 ರೂಪಾಯಿ ಬೆಲೆಯ ಪರ್‌ಪ್ಲೆಕ್ಸಿಟಿ ಪ್ರೊ ಉಚಿತ ಎಂದಿತು. ಅಕ್ಟೋಬರ್ ಕೊನೆಗೆ ಜಿಯೊ, ಗೂಗಲ್‌ನ ಎಐ ಪ್ರೊ 18 ತಿಂಗಳು ಉಚಿತ ಎಂದಿತು. ಅದರ ಬೆಲೆ 35,100 ರೂಪಾಯಿ ಎಂದು ಜಾಹೀರಾತು. ಜತೆಗೆ 2 ಟಿಬಿ ಸ್ಟೋರೇಜ್. ಮೊದಲು ಯಾರಿಗೆ ಕೊಟ್ಟರು ನೆನಪಿದೆಯೇ? 18ರಿಂದ 25 ವರ್ಷದವರಿಗೆ. ಅಂದರೆ ಈ ಪುಟ ಓದುತ್ತಿರುವ ನಮಗೇ. ಷರತ್ತು ಒಂದೇ, ಆ 18 ತಿಂಗಳೂ ಅನಿಯಮಿತ 5ಜಿ ಪ್ಲಾನ್‌ನಲ್ಲಿ ಇರಬೇಕು.

ಉಚಿತ ಎಂದರೆ ಮೂಗು ಮುರಿಯುವವಳು ನಾನಲ್ಲ. ದಿನಾ ಬೆಳಿಗ್ಗೆ ಮೋಕದಿಂದ ಬಳ್ಳಾರಿಗೆ ಶಕ್ತಿ ಯೋಜನೆಯ ಶೂನ್ಯ ಟಿಕೆಟ್‌ನಲ್ಲೇ ಹೋಗುವವಳು. ಆದರೆ ಆ ಟಿಕೆಟ್‌ನ ಹಣವನ್ನು ಸರ್ಕಾರ ಸಾರಿಗೆ ನಿಗಮಕ್ಕೆ ಕಟ್ಟುತ್ತದೆ ಎಂದು ಬಸ್ಸಿನಲ್ಲಿರುವ ಎಲ್ಲರಿಗೂ ಗೊತ್ತು. ಬಾಕಿ ಉಳಿದರೆ ಪತ್ರಿಕೆಯಲ್ಲೂ ವಿಧಾನಸಭೆಯಲ್ಲೂ ಜಗಳವಾಗುತ್ತದೆ. 35,100 ರೂಪಾಯಿಯ ಉಚಿತದಲ್ಲಿ ಯಾರು ಯಾರಿಗೆ ಎಷ್ಟು ಕಟ್ಟಿದರು ಎಂದು ಕೇಳಿದರೆ ಹೇಳುವವರಿಲ್ಲ.

ನನ್ನ ಅಂದಾಜು ಹೀಗಿದೆ. 2024ರ ಜುಲೈ ಮೊದಲ ವಾರ ಮೂರು ಖಾಸಗಿ ಕಂಪನಿಗಳೂ ದರ ಏರಿಸಿದಾಗ ನಮ್ಮ ಓಣಿಯಲ್ಲೇ ಎಷ್ಟೋ ಮಂದಿ ಬಿಎಸ್‌ಎನ್‌ಎಲ್‌ಗೆ ಪೋರ್ಟ್ ಆದರು. ನಂಬರು ಬಿಟ್ಟುಹೋಗದೆ ಕಂಪನಿ ಬಿಡಬಹುದು ಎನ್ನುವ ಧೈರ್ಯ ಕೊಟ್ಟದ್ದು 2011ರ ಜನವರಿ 20ರಂದು ದೇಶದಾದ್ಯಂತ ಜಾರಿಗೆ ಬಂದ ನಂಬರ್ ಪೋರ್ಟಬಿಲಿಟಿ. ಗ್ರಾಹಕರನ್ನು ಹಿಡಿದಿಡುತ್ತಿದ್ದ ನಂಬರೆಂಬ ಗೂಟ ಅಂದೇ ಕಿತ್ತುಹೋಯಿತು. ಮೊಬೈಲ್ ಕಂಪನಿಗೆ ಈಗ ಬೇರೊಂದು ಗೂಟ ಬೇಕು. ಕ್ಲೌಡ್ ಕಂಪನಿಗೆ ಹಳ್ಳಿಹಳ್ಳಿಯಲ್ಲಿ ರೀಚಾರ್ಜ್ ಮಾಡಿಸುವ ಕೋಟ್ಯಂತರ ಗ್ರಾಹಕರು ಬೇಕು. ಒಬ್ಬರ ಹತ್ತಿರ ಟವರ್, ಫೈಬರ್, ಬಿಲ್ಲು; ಇನ್ನೊಬ್ಬರ ಹತ್ತಿರ ಸಾಫ್ಟ್‌ವೇರು, ಸರ್ವರು. ಸಂಬಂಧ ಕುದುರಿದ್ದು ಸಹಜವೇ.

ತಾಂತ್ರಿಕವಾಗಿಯೂ ಇದರಲ್ಲಿ ಅರ್ಥವಿದೆ. ಬಳ್ಳಾರಿ, ಸಿರುಗುಪ್ಪ ಕಡೆಯವರಿಗೆ ಎಲ್‌ಎಲ್‌ಸಿ ಕಾಲುವೆ ಗೊತ್ತು, ಅದರ ಕೊನೆಭಾಗದ ರೈತರ ಪಾಡೂ ಗೊತ್ತು. ಅಣೆಕಟ್ಟೆಯಲ್ಲಿ ನೀರಿದ್ದರೂ ಕೊನೆಯ ಹೊಲಕ್ಕೆ ಬರುವಷ್ಟರಲ್ಲಿ ಸೊರಗಿರುತ್ತದೆ. ಮಧ್ಯದಲ್ಲೊಂದು ಸಮತೋಲನ ಜಲಾಶಯ ಇದ್ದರೆ ಹೊಲಕ್ಕೆ ಹತ್ತಿರದಿಂದಲೇ ನೀರು ಬಿಡಬಹುದು. ಎಡ್ಜ್ ಕಂಪ್ಯೂಟಿಂಗ್ ಎನ್ನುವುದು ಹೆಚ್ಚುಕಡಿಮೆ ಇದೇ. ಫೈಬರ್‌ನೊಳಗೆ ಬೆಳಕು ಸಾವಿರ ಕಿಲೊಮೀಟರ್ ಸಾಗಲು ಸುಮಾರು 5 ಮಿಲಿಸೆಕೆಂಡ್ ಬೇಕು, ಹೋಗಿ ಬರಲು ಹತ್ತು. ಮಧ್ಯದ ಪ್ರತಿಯೊಂದು ರೂಟರ್ ಇನ್ನಷ್ಟು ಸೇರಿಸುತ್ತದೆ. ಮುಂಬೈನ ಸರ್ವರ್ ಮಾಡುವ ಕೆಲಸವನ್ನು ಟವರ್‌ಗೆ ಹತ್ತಿರದ ಒಂದು ಕೋಣೆಯಲ್ಲೇ ಮಾಡಿದರೆ ಸಮಯ ಉಳಿಯುತ್ತದೆ. ಅಮೆರಿಕದಲ್ಲಿ ಅಮೆಜಾನ್ ಮತ್ತು ವೆರೈಜಾನ್ 2019ರ ಡಿಸೆಂಬರ್‌ನಲ್ಲಿ ಘೋಷಿಸಿದ್ದು ಇಂಥದ್ದೇ ವ್ಯವಸ್ಥೆ. ಎಲೆಯ ಫೋಟೊ ತೆಗೆದ ಕೂಡಲೇ ಹೊಲದಲ್ಲೇ ಉತ್ತರ ಸಿಗಬೇಕು ಎನ್ನುವ ನಮ್ಮಂಥ ಪ್ರಾಜೆಕ್ಟ್‌ಗೆ ಇದು ವರವೇ.

ಹಾಗಾಗಿ ಮದುವೆ ಬೇಡ ಎಂದು ನಾನು ಹೇಳುತ್ತಿಲ್ಲ. ಕಾಲುವೆಯವರೂ ಅಣೆಕಟ್ಟೆಯವರೂ ಒಂದಾದ ಮೇಲೆ ಹೊಲದವರ ಮಾತು ಎಲ್ಲಿ ದಾಖಲಾಗುತ್ತದೆ ಎಂದು ಕೇಳುತ್ತಿದ್ದೇನೆ. ನಂಬರನ್ನು ಒಯ್ಯುವ ಹಕ್ಕು ಇದ್ದಂತೆ ಫೈಲುಗಳನ್ನು ಒಯ್ಯುವ ಹಕ್ಕು ನಮಗೆ ಬೇಕು. ಪ್ಲಾನ್ ಜತೆ ಸ್ಟೋರೇಜ್ ಕಟ್ಟಿ ಕೊಟ್ಟವರು ಪ್ಲಾನ್ ಬಿಟ್ಟಾಗ ಅದನ್ನು ಇನ್ನೊಂದು ಜಾಗಕ್ಕೆ ದಾಟಿಸಿಯೂ ಕೊಡಬೇಕು.

‘ಡೌನ್‌ಲೋಡ್ ಬಟನ್ ಇದೆಯಲ್ಲ, ಇನ್ನೇನು ಬೇಕು?’ ಎಂದು ನನ್ನ ಕ್ಲಾಸಿನಲ್ಲೇ ಒಬ್ಬ ಕೇಳಿದ. ಅವನ ಮನೆ ಬಳ್ಳಾರಿಯಲ್ಲಿ. ಅದೇ 180 ಜಿಬಿ ಅವನ ಮನೆಯಲ್ಲಿ ನಾಲ್ಕು ಗಂಟೆ, ನಮ್ಮ ಮನೆಯಲ್ಲಿ ನಾಲ್ಕು ತಿಂಗಳು. 2 ಟಿಬಿ ತುಂಬಿಸಿಕೊಂಡವರು ಇದೇ ಲೆಕ್ಕ ಮುಂದುವರಿಸಿ ನೋಡಲಿ, ದಿನಕ್ಕೆ ಎರಡು ಜಿಬಿಯಂತೆ ಸಾವಿರ ದಿನ ಬರುತ್ತದೆ. ಬಿಇ ಮುಗಿಸಲು ಬೇಕಾದದ್ದು ಅದರ ಸುಮಾರು ಒಂದೂವರೆ ಪಟ್ಟು ದಿನ. ಫೈಲು ಏರಿಸುವುದು ದಿನಕ್ಕಿಷ್ಟಿಷ್ಟು, ನೋವಾಗದ ಹಾಗೆ. ಇಳಿಸುವುದು ಮಾತ್ರ ಒಂದೇ ಏಟಿಗೆ, ಗಡುವಿನೊಳಗೆ. ಫೋನ್ ಮೆಮೊರಿ ಪುಟ್ಟದು, ಲ್ಯಾಪ್‌ಟಾಪ್ ಮನೆಗೊಂದು ಇದ್ದರೆ ಪುಣ್ಯ. ಬಟನ್ ಇದ್ದರೆ ಹಕ್ಕು ಇದ್ದಂತಾಗುವುದಿಲ್ಲ.

ಇದು ಆಗದ ಕೆಲಸವೂ ಅಲ್ಲ. ಒಂದು ಸರ್ವರ್‌ನಿಂದ ಇನ್ನೊಂದು ಸರ್ವರ್‌ಗೆ ನೇರವಾಗಿ ಫೈಲು ಕಳಿಸಿದರೆ ನನ್ನ ದಿನದ ಡೇಟಾ ಒಂದು ಎಂಬಿಯೂ ಕರಗುವುದಿಲ್ಲ. 2018ರಲ್ಲೇ ಗೂಗಲ್, ಫೇಸ್‌ಬುಕ್, ಮೈಕ್ರೊಸಾಫ್ಟ್, ಟ್ವಿಟರ್ ಸೇರಿ ಇದಕ್ಕಾಗಿ ಡೇಟಾ ಟ್ರಾನ್ಸ್‌ಫರ್ ಪ್ರಾಜೆಕ್ಟ್ ಶುರು ಮಾಡಿದವು, ಮರುವರ್ಷ ಆ್ಯಪಲ್ ಸೇರಿತು. 2021ರಿಂದ ಐಕ್ಲೌಡ್‌ನ ಫೋಟೊಗಳನ್ನು ನೇರವಾಗಿ ಗೂಗಲ್ ಫೋಟೋಸ್‌ಗೆ ಕಳಿಸುವ ಸೌಲಭ್ಯವಿದೆ. ಐಫೋನ್‌ನವರಿಗೆ ಆಗುವುದು ತಿಂಗಳ ರೀಚಾರ್ಜ್‌ನವರಿಗೆ ಯಾಕೆ ಆಗಬಾರದು?

ಕಾನೂನಿನ ವಿಷಯದಲ್ಲಿ ನಮ್ಮ ದೇಶ ಹೋಗಿ ಹಿಂದೆ ಬಂದಿದೆ. 2019ರಲ್ಲಿ ಸಂಸತ್ತಿಗೆ ಬಂದ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಮಸೂದೆಯಲ್ಲಿ ನಮ್ಮ ದತ್ತಾಂಶವನ್ನು ಒಂದು ಕಂಪನಿಯಿಂದ ಇನ್ನೊಂದಕ್ಕೆ ಒಯ್ಯುವ ಹಕ್ಕು ಇತ್ತು. 2023ರಲ್ಲಿ ಅಂಗೀಕಾರವಾದ ಕಾಯ್ದೆಯಲ್ಲಿ ಅದು ಇಲ್ಲ. ತಿದ್ದಿಸುವ ಹಕ್ಕಿದೆ, ಅಳಿಸುವ ಹಕ್ಕಿದೆ, ಒಯ್ಯುವ ಹಕ್ಕು ಮಾತ್ರ ಬಿಟ್ಟುಹೋಗಿದೆ. ಯುರೋಪಿನಲ್ಲಿ 2018ರ ಮೇ ತಿಂಗಳಿಂದ ಆ ಹಕ್ಕು ಜಾರಿಯಲ್ಲಿದೆ. ಅಷ್ಟಕ್ಕೇ ನಿಲ್ಲದೆ, 2025ರ ಸೆಪ್ಟೆಂಬರ್ 12ರಿಂದ ಅನ್ವಯವಾಗುವ ಇನ್ನೊಂದು ಕಾಯ್ದೆಯಲ್ಲಿ ಒಂದು ಕ್ಲೌಡ್‌ನಿಂದ ಇನ್ನೊಂದಕ್ಕೆ ಹೋಗುವ ಗ್ರಾಹಕರಿಗೆ ಅಡ್ಡಿ ಮಾಡಬಾರದು, 2027ರ ಜನವರಿ 12ರಿಂದ ಅದಕ್ಕೆ ಶುಲ್ಕವನ್ನೇ ಕೇಳಬಾರದು ಎಂದಿದೆ. ಈ ಕಾಯ್ದೆ ಅನ್ವಯವಾಗುವ ಮೊದಲೇ, 2024ರ ಜನವರಿಯಲ್ಲಿ ಗೂಗಲ್ ಕ್ಲೌಡ್, ಮಾರ್ಚ್‌ನಲ್ಲಿ ಅಮೆಜಾನ್ ಮತ್ತು ಮೈಕ್ರೊಸಾಫ್ಟ್, ಬಿಟ್ಟುಹೋಗುವ ಗ್ರಾಹಕರ ಡೇಟಾ ಹೊರಸಾಗಿಸುವ ಶುಲ್ಕವನ್ನು ಮನ್ನಾ ಮಾಡಿದವು. ಅಲ್ಲಿ ಒತ್ತಡ ಬಿದ್ದಿತು, ಇಲ್ಲಿ ಬಾಗಿಲು ತೆರೆಯಿತು. ಆದರೆ ಆ ಮನ್ನಾ ಇರುವುದು ಕ್ಲೌಡ್ ಬಾಡಿಗೆಗೆ ಪಡೆಯುವ ಕಂಪನಿಗಳಿಗೆ, ರೀಚಾರ್ಜ್ ಮಾಡಿಸುವ ನನಗಲ್ಲ.

ನಾವು ಕೇಳಿದರೆ ಯಾರು ಕೇಳಿಸಿಕೊಳ್ಳುತ್ತಾರೆ ಎನ್ನಬೇಡಿ. 2015ರಲ್ಲಿ ಫೇಸ್‌ಬುಕ್ ಮತ್ತು ರಿಲಯನ್ಸ್ ಕಮ್ಯುನಿಕೇಷನ್ಸ್ ಸೇರಿ ಆಯ್ದ ಕೆಲವು ಜಾಲತಾಣಗಳನ್ನು ಮಾತ್ರ ಉಚಿತವಾಗಿ ಕೊಡುವ ಯೋಜನೆ ತಂದವು. ಆ ವರ್ಷ ನೆಟ್ ನ್ಯೂಟ್ರಾಲಿಟಿ ಬೇಕೆಂದು ಟ್ರಾಯ್‌ಗೆ ಹೋದ ಇಮೇಲ್‌ಗಳು ಹತ್ತು ಲಕ್ಷಕ್ಕೂ ಹೆಚ್ಚು. 2016ರ ಫೆಬ್ರುವರಿ 8ರಂದು ಟ್ರಾಯ್, ಯಾವ ಜಾಲತಾಣ ನೋಡುತ್ತೀರಿ ಎನ್ನುವುದರ ಮೇಲೆ ಡೇಟಾ ದರ ಬದಲಿಸುವಂತಿಲ್ಲ ಎಂದು ಆದೇಶಿಸಿತು. ಆಗ ನಾನು ನಾಲ್ಕನೇ ಕ್ಲಾಸ್. ಮೇಲ್ ಬರೆದವರಲ್ಲಿ ಇಂದಿನ ನಮ್ಮ ವಯಸ್ಸಿನ ಹುಡುಗ ಹುಡುಗಿಯರು ಬೇಕಾದಷ್ಟಿದ್ದರು. ಅದೂ ‘ಉಚಿತ’ವೇ ಆಗಿತ್ತು, ಅದೂ ಪಾಲುದಾರಿಕೆಯೇ ಆಗಿತ್ತು.

ಕೆಲಸ ಹುಡುಕುತ್ತಿರುವವರಿಗೆ ಇದರಲ್ಲಿ ಏನಿದೆ? ಒಂದು ಭ್ರಮೆಯನ್ನು ಮೊದಲು ಬಿಡಬೇಕು. ಡೇಟಾ ಸೆಂಟರ್‌ಗೆ ಸಾವಿರಾರು ಕೋಟಿ ಬಂತು ಎಂದ ಕೂಡಲೇ ಸಾವಿರಾರು ಎಂಜಿನಿಯರ್ ಕೆಲಸ ಬಂತು ಎಂದಲ್ಲ. ಹಣದ ಬಹುಪಾಲು ಯಂತ್ರ, ಕಟ್ಟಡ ಮತ್ತು ವಿದ್ಯುತ್ತಿಗೆ ಹೋಗುತ್ತದೆ. ಕಟ್ಟಿ ಮುಗಿದ ಮೇಲೆ ಒಳಗೆ ಇರುವ ಜನ ಕಡಿಮೆ. ಕೆಲಸ ಹುಟ್ಟುವುದು ಅದರ ಸುತ್ತ. 5ಜಿಯ ಕೋರ್ ನೆಟ್‌ವರ್ಕ್ ಈಗ ದೊಡ್ಡ ಕಬ್ಬಿಣದ ಕಪಾಟಲ್ಲ, ಸಾಮಾನ್ಯ ಸರ್ವರ್ ಮೇಲೆ ಓಡುವ ಸಾಫ್ಟ್‌ವೇರ್. ಆ್ಯಂಟೆನಾ ಓದಿದ ಇಸಿಯವರಿಗೆ ಲಿನಕ್ಸ್ ಗೊತ್ತಿರುವುದಿಲ್ಲ, ಕಂಟೇನರ್ ಓಡಿಸುವ ಸಿಎಸ್‌ನವರಿಗೆ ಸಿಮ್ ಹೇಗೆ ದೃಢೀಕರಣ ಪಡೆಯುತ್ತದೆ ಎನ್ನುವುದು ಗೊತ್ತಿರುವುದಿಲ್ಲ. ಎರಡೂ ಗೊತ್ತಿದ್ದವರು ನಮ್ಮ ಕ್ಯಾಂಪಸ್‌ಗಳಲ್ಲಿ ಬೆರಳೆಣಿಕೆ. ಓಪನ್‌5ಜಿಎಸ್ ಎನ್ನುವ ಮುಕ್ತ ತಂತ್ರಾಂಶವನ್ನು ಲ್ಯಾಪ್‌ಟಾಪ್‌ನಲ್ಲಿ ಹಾಕಿಕೊಂಡರೆ ಒಂದು ಪುಟ್ಟ 4ಜಿ, 5ಜಿ ಕೋರ್ ನಮ್ಮ ಮೇಜಿನ ಮೇಲೇ ಓಡುತ್ತದೆ. ಅದನ್ನು ಮೊದಲ ಸಲ ಓಡಿಸಿದ ರಾತ್ರಿ ನನಗೆ ಪುಸ್ತಕದ ಅರ್ಧ ಪಾಠ ಒಮ್ಮೆಲೇ ಅರ್ಥವಾಯಿತು, ಉಳಿದರ್ಧ ಇನ್ನೂ ಇಲ್ಲ.

ಬೇರೆಯವರ ಹೆಗಲಿಲ್ಲದೆಯೂ ನೆಟ್‌ವರ್ಕ್ ಕಟ್ಟಬಹುದು ಎಂಬುದಕ್ಕೆ ಬಿಎಸ್‌ಎನ್‌ಎಲ್‌ನ 4ಜಿ ಉದಾಹರಣೆ. ಸಿ-ಡಾಟ್‌ನ ಕೋರ್, ಬೆಂಗಳೂರಿನ ತೇಜಸ್ ನೆಟ್‌ವರ್ಕ್ಸ್‌ನ ರೇಡಿಯೊ, ಟಿಸಿಎಸ್‌ನ ಜೋಡಣೆ. ತಡವಾಯಿತು, ಬೈಗುಳವೂ ಸಾಕಷ್ಟು ಬಿತ್ತು. 2025ರ ಸೆಪ್ಟೆಂಬರ್ 27ರಂದು ಅಧಿಕೃತವಾಗಿ ಉದ್ಘಾಟನೆಯಾಯಿತು. ವೇಗದಲ್ಲಿ ಖಾಸಗಿಯವರನ್ನು ಮುಟ್ಟಿದೆ ಎಂದು ನಾನು ಹೇಳಲಾರೆ. ಆದರೆ ಅದನ್ನು ಬಿಚ್ಚಿ ಜೋಡಿಸಬಲ್ಲ ಎಂಜಿನಿಯರ್‌ಗಳು ಇಲ್ಲೇ ಇದ್ದಾರೆ ಎನ್ನುವುದು ಕೆಲಸ ಹುಡುಕುವವರಿಗೆ ಸಣ್ಣ ಮಾತಲ್ಲ.

ಒಯ್ಯುವ ಹಕ್ಕು ಬಂದರೆ ಅದರ ಬೆನ್ನಿಗೂ ಕೆಲಸ ಬರುತ್ತದೆ. ಆಸ್ಪತ್ರೆ, ಸಹಕಾರ ಬ್ಯಾಂಕು, ಎಪಿಎಂಸಿ ದಲ್ಲಾಳಿ ಅಂಗಡಿ, ಬಳ್ಳಾರಿಯ ಜೀನ್ಸ್ ಘಟಕ, ಯಾರೇ ಒಂದು ಕ್ಲೌಡ್ ಬಿಟ್ಟು ಇನ್ನೊಂದಕ್ಕೆ ಹೋಗುವಾಗ ಲೆಕ್ಕ ತಪ್ಪದಂತೆ ಸಾಗಿಸಿಕೊಡುವವರು ಬೇಕು. ಬೀಗ ಹಾಕಿದ ಊರಿನಲ್ಲಿ ಸಾಗಾಣಿಕೆಯವರಿಗೆ ಕೆಲಸವಿರುವುದಿಲ್ಲ.

ನನ್ನ ಬೇಡಿಕೆ ದೊಡ್ಡದಲ್ಲ. ಸ್ಟೋರೇಜ್ ಇರುವ ಪ್ಲಾನ್ ಮಾರುವಾಗ, ಬಿಟ್ಟರೆ ಫೈಲುಗಳಿಗೆ ಏನಾಗುತ್ತದೆ ಎನ್ನುವುದನ್ನು ಕನ್ನಡದಲ್ಲಿ, ಬೆಲೆ ಬರೆದಷ್ಟೇ ದಪ್ಪ ಅಕ್ಷರದಲ್ಲಿ ಬರೆಯಲಿ. ಪೋರ್ಟ್ ಆದವರು ಇಳಿಸಿಕೊಳ್ಳುವ ಫೈಲು ದಿನದ ಡೇಟಾ ಮಿತಿಗೆ ಸೇರದಿರಲಿ, ಅಥವಾ ಸರ್ವರ್‌ನಿಂದ ಸರ್ವರ್‌ಗೆ ದಾಟಿಸಿಕೊಡಲಿ. ಅಳಿಸುವ ಮುಂಚೆ ಮೂವತ್ತು ದಿನವಲ್ಲ, ಒಂದು ಬೆಳೆ ಬಂದು ಹೋಗುವಷ್ಟು ಸಮಯ ಕೊಡಲಿ. ಟ್ರಾಯ್ ಸಮಾಲೋಚನಾ ಪತ್ರ ಹೊರಡಿಸಿದಾಗ ಯಾರು ಬೇಕಾದರೂ ಅಭಿಪ್ರಾಯ ಕಳಿಸಬಹುದು, ಇಂಗ್ಲಿಷ್ ಚೆನ್ನಾಗಿರಲೇಬೇಕು ಎಂದೇನೂ ಇಲ್ಲ. ನನ್ನ 120 ದಿನದ ಲೆಕ್ಕವನ್ನು ಒಂದು ಹಾಳೆಯಲ್ಲಿ ಬರೆದಿಟ್ಟುಕೊಂಡಿದ್ದೇನೆ. ನಿಮ್ಮ ಊರಿನ ಸಿಗ್ನಲ್ಲು, ನಿಮ್ಮ ಪ್ಲಾನು, ನಿಮ್ಮ ಜಿಬಿ ಹಾಕಿ ನೀವೂ ಒಮ್ಮೆ ಭಾಗಿಸಿ ನೋಡಿ.

ಸಸಿ ನಾಟಿಯಾದ ಮೇಲೆ ನಾವು ನಾಲ್ವರೂ ಮತ್ತೆ ಹೊಲಕ್ಕೆ ಇಳಿಯಬೇಕು. ಹೋದ ವರ್ಷದ ಚಿತ್ರಗಳಲ್ಲಿ ನವೆಂಬರ್ ಇಲ್ಲದ ಕಾರಣ ನಮ್ಮ ಪ್ರೋಗ್ರಾಂ ನುಸಿ ಬಾಧೆಯನ್ನು ಮುಟುರು ರೋಗ ಎಂದೇ ಹೇಳುತ್ತಿದೆ. ಸಿರುಗುಪ್ಪ ರಸ್ತೆಯ ಒಬ್ಬ ರೈತರು ಅದನ್ನು ನೋಡಿ ನಕ್ಕರು, ಮುಂದಿನ ಸಲ ಬನ್ನಿ ಎಂದೂ ಹೇಳಿದರು. ಈ ಸಲ ನಾಲ್ವರೂ ದುಡ್ಡು ಹಾಕಿ 1 ಟಿಬಿಯ ಒಂದು ಹಾರ್ಡ್ ಡಿಸ್ಕ್ ತಂದಿದ್ದೇವೆ. ಅದು ನಮ್ಮ ಮನೆಯಲ್ಲಿ, ಅಪ್ಪ ಹೊಲದ ಪಹಣಿ ಇಡುವ ಟ್ರಂಕಿನಲ್ಲಿದೆ.